ರಿಬ್ಬನ್ ಕಟ್ಟಿದ ಕಡೆ

"ಏ ಮೀನ್ಗಬ್ಬು ಮುಂಡೇವಾ, ಏಳ್ರೇ ಮೇಲೆ! ನಿಮ್ಮಪ್ಪನ ಹೊಳೆ ಏನ್ರೇ ಇದು?"

ಹಾಲ್ವರ್ಸನ್ ಕುದುರೆ ಮೇಲಿಂದಲೇ ಕಿರುಚಿದ. ಹ್ಯಾಟಿ ಅಜ್ಜಿ ತಲೆಯೆತ್ತಲಿಲ್ಲ. ನೆಡಲು ತಂದ ವಿಲೋ ಗಿಡದ ಕಡ್ಡಿಯನ್ನು ಕೆಸರಿಗೆ ಚುಚ್ಚಿ, ಹಿಮ್ಮಡಿಯಿಂದ ಮೆಟ್ಟಿ, "ನಮ್ಮಪ್ಪಂದೇ ಕಣಪ್ಪಾ. ನಿಮ್ ತಾತ ಬಂದು ಬೇಲಿ ಹಾಕೋಕೆ ಮುಂಚೆ," ಎಂದಳು.

ಎಲ್ರಾಯ್ ಮಾವ ಕಿಸಕ್ಕೆಂದ. ಹಾಲ್ವರ್ಸನ್ ಉಗಿದ ತಂಬಾಕು ಅಜ್ಜಿಯ ಹೆಗಲ ಮೇಲೆ ಬಿತ್ತು.

ಹೊಳೆ ಈಗ ಸರ್ಕಾರದ್ದು. ದಂಡೆಯಲ್ಲಿ ದನ ಮೇಯಿಸುವ ಗುತ್ತಿಗೆ ಹಾಲ್ವರ್ಸನ್‌ನದು. ಗಿಡ ನೆಡುವ ಕೂಲಿ ನಮ್ಮದು. ನೆರಳಿದ್ದರೆ ನೀರು ತಣ್ಣಗಿರುತ್ತದೆ, ತಣ್ಣಗಿದ್ದರೆ ಸಾಲ್ಮನ್ ಬರುತ್ತವೆ. ಅವು ಮೀನಲ್ಲ, ಕಡಲಡಿಯಲ್ಲಿ ಮನೆ ಮಾಡಿಕೊಂಡಿರುವ ಜನ. ನಮ್ಮ ಹಸಿವು ಕಂಡು ಬೆಳ್ಳಿಯಂಗಿ ತೊಟ್ಟು ಹೊಳೆಯೇರಿ ಬರುವ ನೆಂಟರು ಎಂದು ಅಜ್ಜಿ ತುತ್ತಿಡುತ್ತಾ ಹೇಳುತ್ತಿದ್ದಳು. ತಿಂದಾದ ಮೇಲೆ ಮುಳ್ಳನ್ನೆಲ್ಲ ನೀರಿಗೇ ಬಿಟ್ಟು "ಮತ್ತೆ ಬನ್ನಿ" ಅನ್ನಬೇಕು, ಆಗ ಅವರು ಮತ್ತೆ ಮೈ ತುಂಬಿಕೊಂಡು ಏಳುತ್ತಾರೆ. ನಾನು ಹುಟ್ಟಿದ ಮೇಲೆ ಆ ನೆಂಟರು ಈ ಹೊಳೆಗೆ ಬಂದೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಒಬ್ಬಳು ಬಂದಳು. ಬೆಳ್ಳಿಯಂಗಿ ಹರಿದು ಚಿಂದಿಯಾಗಿತ್ತು. ಸವೆದ ಬಾಲದಿಂದಲೇ ಜಲ್ಲಿಯನ್ನು ತೋಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಎಳೆದು ಮುಚ್ಚುತ್ತಿದ್ದಳು. ನಾನು ಕೈಯೆತ್ತಿದ್ದೇ ತಡ, ಅಜ್ಜಿ ಫಟ್ಟನೆ ಹೊಡೆದಳು.

"ಬೆರಳು ತೋರಿಸ್ತೀಯೇನೇ? ಬಾಣಂತಿ ಕೋಣೆ ಅದು."

ಸರ್ಕಾರದ ಕಾನೂನು ಬೇರೆ. ಮೀನು ಮೊಟ್ಟೆಯಿಟ್ಟ ಗೂಡು ಕಂಡರೆ ಪಕ್ಕದ ಕೊಂಬೆಗೆ ಕೆಂಪು ರಿಬ್ಬನ್ ಕಟ್ಟಬೇಕು. ಇಲಾಖೆಯ ಸಾಹೇಬ ಬಂದು ಗೂಡು ಇರುವುದು ನಿಜವೆಂದರೆ ಆ ದಂಡೆಗೆ ದನ ಬಿಡುವಂತಿಲ್ಲ.

"ಕಟ್ಟಬ್ಯಾಡ ಕಣೋ ಎಲ್ರಾಯ್. ಹೆರಿಗೆ ಮನೇನ ಡಂಗುರ ಹೊಡೀತಾರೇನೋ?"

"ಕಟ್ಟದಿದ್ರೆ ಗೂಡೇ ಇಲ್ಲ ಅಂತಾರೆ ಕಣವ್ವಾ. ಅವ್ರ ಕಣ್ಣಿಗೆ ರಿಬ್ಬನ್ನೇ ಮೀನು."

ಮಾವ ಕಟ್ಟಿದ.

ಮರುದಿನ ಬೆಳಗ್ಗೆ ಬಂದರೆ ದನ ಬರದಂತೆ ನಾವೇ ಎಳೆದ ಬೇಲಿ ತಂತಿ ತುಂಡಾಗಿ ಬಿದ್ದಿತ್ತು. ಅಷ್ಟುದ್ದ ಹೊಳೆ ಬಿಟ್ಟು ದನಗಳೆಲ್ಲ ರಿಬ್ಬನ್ನಿನ ಕೆಳಗೇ ನಿಂತಿದ್ದವು. ಯಾರೋ ಅಲ್ಲೇ ದನ ನೆಕ್ಕಲೆಂದು ಉಪ್ಪಿನ ಗಟ್ಟಿ ಇಟ್ಟಿದ್ದರು. ಗೊರಸಿನ ಗುಂಡಿಗಳಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳು ಒಡೆದು ಸಗಣಿಯೊಂದಿಗೆ ಕಲಸಿಹೋಗಿದ್ದವು.

ಪ್ರೂಯಿಟ್ ಸಾಹೇಬ ಜೀಪಿನಿಂದ ಇಳಿಯಲಿಲ್ಲ. "ಎಲ್ಲಿದೆ ಗೂಡು? ನಂಗೆ ಸಗಣಿ ಕಾಣ್ತಿದೆ."

"ಉಪ್ಪು ನೋಡಿ ಸ್ವಾಮಿ, ತಂತಿ ನೋಡಿ," ಮಾವ ಅಂಗಲಾಚಿದ.

"ಇವರೇ ಮೀನು ಸುಟ್ಕೊಂಡು ತಿಂದು ನನ್ ದನದ ಮೇಲೆ ಹೇಳ್ತಾರೆ ಸಾರ್," ಹಾಲ್ವರ್ಸನ್ ನಕ್ಕ. "ಬೇಕಾದ್ರೆ ಮುದುಕಿ ಬಾಯಿ ಮೂಸಿ ನೋಡಿ."

ಸಾಹೇಬನೂ ನಕ್ಕ. "ಗೂಡಿಲ್ಲ. ಗುತ್ತಿಗೆ ಇದ್ದಂಗೇ ಇರುತ್ತೆ. ನೀವು ಗಿಡ ನೆಡ್ರಪ್ಪಾ, ಕೂಲಿ ಕೊಡ್ತೀವಲ್ಲ."

ಹೊಳೆಯ ಕೆಳಗಡೆ ಬೇರಿನ ಸಂದಿಯಲ್ಲಿ ಆ ಮೊಟ್ಟೆಯಿಟ್ಟವಳು ಸಿಕ್ಕಿಕೊಂಡಿದ್ದಳು, ಬೆನ್ನು ಸೀಳಿತ್ತು. ಅಜ್ಜಿ ಎರಡೂ ಕೈಯಲ್ಲಿ ಬಿಡಿಸಿ, ಎದೆಗವಚಿಕೊಂಡು, ಆಳವಿದ್ದ ಕಡೆ ಬಿಟ್ಟಳು. ನಾನು "ಮತ್ತೆ ಬನ್ನಿ" ಎನ್ನಲು ಬಾಯಿ ತೆರೆದೆ.

"ಹೋಗವ್ವಾ," ಅಜ್ಜಿ ಅಂದಳು. "ಹೋಗಿ ನಿಮ್ಮವರಿಗೆ ಹೇಳು. ಇನ್ಮ್ಯಾಲೆ ಬರಬ್ಯಾಡ್ರಿ."

ಆಮೇಲೆ ಕೊಂಬೆಯ ರಿಬ್ಬನ್ ಬಿಚ್ಚಿ ತನ್ನ ಮಣಿಕಟ್ಟಿಗೆ ಬಿಗಿದುಕೊಂಡಳು. ಗೂಡಿದ್ದ ಜಾಗಕ್ಕೆ ನಡೆದು, ಹಿಮದಂಥ ನೀರಲ್ಲಿ ಮೊಣಕಾಲೂರಿ ಕೂತಳು.

"ರಿಬ್ಬನ್ ಕಟ್ಟಿದ ಕಡೆ ದನ ಬಿಡಂಗಿಲ್ಲ ಅಲ್ವೇನ್ರಪ್ಪಾ? ಬಿಡ್ರಿ, ನೋಡಾನ."

ಜೀಪು ಆಗಲೇ ತಿರುಗಿತ್ತು. ಹಾಲ್ವರ್ಸನ್ ನಾಲಿಗೆ ಮಡಚಿ ಸಿಳ್ಳೆ ಹಾಕಿದ. ಉಪ್ಪಿನ ರುಚಿ ಹತ್ತಿದ್ದ ದನಗಳು ದಂಡೆಯಿಂದ ಇಳಿಯತೊಡಗಿದವು.

ನಾನು ಮಾವನ ಚೀಲದಿಂದ ರಿಬ್ಬನ್ ಸುರುಳಿ ಕಿತ್ತುಕೊಂಡು, ಕೊರಳಿಗೆ ಸುತ್ತಿಕೊಳ್ಳುತ್ತಾ ನೀರಿಗಿಳಿದೆ.

ಮುಂದಿದ್ದ ಹೋರಿ ನಿಲ್ಲಲಿಲ್ಲ.