ನಾಲ್ಕೂರಿನ ಕೆಸುಗದ್ದೆ

ಪಲಾವ್ ದ್ವೀಪದಲ್ಲಿ ಆ ವರ್ಷ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಗುಡ್ಡದ ಕೆಂಪು ಮಣ್ಣು ಹಳ್ಳದಲ್ಲಿ ಇಳಿದು ಬಂದು ಕೆಳಗೂರಿನ ಎಬಿಲ್ ಎಂಬಾಕೆಯ ಕೆಸುಗದ್ದೆಗೆ ನುಗ್ಗಿತು. ಗಡ್ಡೆಗಳೆಲ್ಲ ಕೊಳೆತವು. ಅವಳ ಮಗಳಿಗೆ ಆಗಷ್ಟೇ ಮದುವೆಯಾಗಿತ್ತು. ಅಲ್ಲಿನ ಪದ್ಧತಿಯಂತೆ ಚೊಚ್ಚಲ ಬಾಣಂತಿಯನ್ನು ಊರ ಮುಂದೆ ಕರೆತರುವ ದಿನ ತಾಯಿ ತನ್ನ ಗದ್ದೆಯ ಗಡ್ಡೆಯನ್ನೇ ಬಡಿಸಬೇಕು. ಪೇಟೆಯಿಂದ ತಂದರೆ ಎಬಿಲ್ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಅವಳು ಹೊಸ ಸಸಿ ನೆಟ್ಟು, ಟೊಂಕ ಕಟ್ಟಿ ನಿಂತು ಗದ್ದೆಯ ಬದುವನ್ನು ಮೊಣಕಾಲೆತ್ತರ ಏರಿಸಿದಳು. ಕೆಸರುನೀರು ಪಕ್ಕಕ್ಕೆ ತಿರುಗಿ ನೇರ ಕಡಲು ಸೇರಿತು.

ಗೆಳತಿ ಉಲಾಂಗ್ ಹಳ್ಳ ಕಾಯುವ ಸಂಘದವಳು. ಕಂಡದ್ದನ್ನು ಹೇಳದೆ ಬಿಡುವ ಜಾಯಮಾನ ಅವಳದಲ್ಲ.

"ಏನೇ, ಗದ್ದೆ ಉಳಿಸ್ಕೊಳ್ಳೋಕೆ ನಿನ್ ಗಂಡ ಹಿಡಿಯೋ ಮೀನಿಗೇ ಮಣ್ಣು ಹಾಕಿದ್ಯಲ್ಲೇ! ಹವಳದ ಮೇಲೆಲ್ಲಾ ರಾಡಿ ಕೂತಿದೆ. ಹವಳ ಸತ್ರೆ ಮೀನೆಲ್ಲಿ ನಿಲ್ಲತ್ತೆ? ಮಳೆ ಮೊದಲಿನ ಹಾಗಿಲ್ಲ, ಕಡಲೂ ಏರ್ತಿದೆ. ಒಬ್ಬಳ ಬದುವಿಂದ ಇದು ನಿಲ್ಲೋದಲ್ಲ ಕಣೇ."

"ಗುಡ್ಡಕ್ಕೆ ಬೆಂಕಿ ಇಟ್ಟು ಬೋಳು ಮಾಡೋರು ಮೇಲೂರೋರು. ಅವರಿಗ್ ಹೋಗಿ ಹೇಳು. ಅವರೇನಾದ್ರೂ ಕೇಳಿದ್ರೆ ನನ್ ಹೆಸರೇ ಬದಲಾಯಿಸ್ಕೋತೀನಿ."

"ನೀನೂ ಬಾ, ಇಬ್ರೂ ಹೇಳೋಣ."

ಎಬಿಲ್ ಗೊಣಗುತ್ತಲೇ ಹೋದಳು. ಗುಡ್ಡ ಸುಡಬೇಡಿ ಎಂದು ಇಬ್ಬರೂ ಕೇಳಿಕೊಂಡಾಗ ಮೇಲೂರಿನ ಹಿರಿಯಾಕೆ ದಿಲುಬೆಚ್ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಕೇಳಿದಳು:

"ಹವಳದಿಬ್ಬದ ಹತ್ರ ನಮ್ಮನ್ನ ಸೇರಿಸಲ್ಲ ನೀವು ಕೆಳಗೂರೋರು. ಮೀನು ನಿಮಗೆ, ಗುಡ್ಡ ಕಾಯೋ ಚಾಕರಿ ನಮಗಾ?"

ಎಬಿಲ್ ಅವಳ ಪಕ್ಕದಲ್ಲಿ ಕೂತಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

"ನಿಜ ಅಕ್ಕಾ, ತಪ್ಪು ನಮ್ದೂ ಇದೆ. ಇನ್ಮೇಲೆ ಮೀನು ಹಂಚ್ಕೊಳ್ಳೋಣ. ನಾಳೆನೇ ನನ್ ಬದು ಇಳಿಸ್ತೀನಿ. ಈ ಸಲದ ಬೆಳೆ ಹೋದ್ರೆ ಹೋಗ್ಲಿ."

ಬದು ಇಳಿಯಿತು. ಆ ಸುದ್ದಿ ಹಳ್ಳದುದ್ದಕ್ಕೂ ಹಬ್ಬಿ ನಾಲ್ಕು ಊರು ಒಂದಾದವು. ಮೇಲೂರಿನವರು ಗುಡ್ಡಕ್ಕೆ ಬೆಂಕಿ ಇಡುವುದನ್ನು ಬಿಟ್ಟು ಗಿಡ ನೆಟ್ಟರು. ನಡುವಿನ ಎರಡೂರಿನ ಹೆಂಗಸರು ಪಾಳು ಗದ್ದೆಗಳಿಗೆ ಇಳಿದು ಕೆಸು ನೆಟ್ಟರು. ಕೆಳಗೂರಿನವರು ಕಡಲಂಚಿನ ಉಪ್ಪುನೀರಿನಲ್ಲಿ ಬೇರೂರಿ ಮಣ್ಣು ಹಿಡಿದಿಡುವ ಕಾಂಡ್ಲಾ ಕಾಡಿಗೆ ಕತ್ತಿ ಹಾಕುವುದನ್ನು ನಿಲ್ಲಿಸಿದರು. ಎರಡು ವರ್ಷ ಹವಳದಿಬ್ಬದಲ್ಲಿ ಯಾರೂ ಬಲೆ ಬೀಸಬಾರದೆಂದು ಹಿರಿಯರು ಕಟ್ಟು ಮಾಡಿದರು.

ಮೂರನೆಯ ವರ್ಷ ಮತ್ತೆ ಅಂಥದೇ ಮಳೆ ಬಂತು. ಮಣ್ಣು ಮೇಲಿನ ಗದ್ದೆಗಳಲ್ಲೇ ತಂಗಿತು, ಎಬಿಲಳ ಗದ್ದೆಗೆ ತಿಳಿನೀರು ಇಳಿಯಿತು. ಅದೇ ವರ್ಷ ಮಗಳು ಹೆತ್ತಳು. ಬಾಣಂತಿ ಊರ ಮುಂದೆ ನಿಂತ ದಿನ ತಟ್ಟೆ ತುಂಬ ಗಡ್ಡೆ, ಮೀನು. ದಿಲುಬೆಚ್ ಒಂದು ಹೋಳು ಬಾಯಿಗಿಟ್ಟು, "ನಿನ್ ಗದ್ದೇದೇನೇ?" ಎಂದಳು.

ಎಬಿಲ್ ಹೆಮ್ಮೆಯಿಂದ ಅವಳ ತಟ್ಟೆಗೆ ಇನ್ನೊಂದು ಹೋಳು ಹಾಕಿದಳು. "ನಾಲ್ಕೂರಿನ ಗದ್ದೇದು ಅಕ್ಕಾ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಹಳ್ಳವೂ ಯಾರದೋ ಊರು ದಾಟಿಯೇ ಬರುತ್ತದೆ. ಈ ವಾರವೇ ಅಲ್ಲಿಗೆ ನಡೆದು ಹೋಗಿ. ಜಗಳ ಮನೆಯಲ್ಲೇ ಬಿಟ್ಟು, "ನಮ್ಮಿಂದ ನಿಮಗೇನಾಗಬೇಕು?" ಎಂದು ಮೊದಲು ನೀವೇ ಕೇಳಿ.