ಹೊಳೆವ್ವನ ಬಲಗೈ

ಹುಬ್ಬಳ್ಳಿಯ ದುರ್ಗದಬೈಲಿನ ಕಾಯಿಪಲ್ಲೆ ಪ್ಯಾಟಿಯಲ್ಲಿ ಹೊಳೆವ್ವನ ಕೈ ಬೀಳದೆ ವ್ಯಾಪಾರ ಸುರುವಾಗುತ್ತಿರಲಿಲ್ಲ. ಆಕೆ ತನ್ನ ಖಾನಾವಳಿಗೆ ಬದನೆಕಾಯಿ ತರಲು ಬಂದಳೆಂದರೆ ಸಾಕು, ಆ ಕಡೆಯಿಂದ ಉಳ್ಳಾಗಡ್ಡಿ ರೇಣವ್ವ, ಈ ಕಡೆಯಿಂದ ಬಟಾಟಿ ದಸ್ತಗೀರಸಾಬ ಕರೆಯುವವರೇ. ಬೇಕಿರಲಿ ಬಿಡಲಿ, ಆಕೆ ಒಂದು ಹಿಡಿ ಏನಾದರೂ ಕೊಂಡು ಬಲಗೈಯಿಂದ ದುಡ್ಡು ಕೊಟ್ಟರೆ ಬೋಣಿ ಆಯಿತು. ದಿನದ ಮೊದಲ ವ್ಯಾಪಾರ ಹೊಳೆವ್ವನದಾದರೆ ಸಂಜೆಯೊಳಗೆ ಬುಟ್ಟಿ ಖಾಲಿ, ಹಾಗಂತ ಅವರ ನಂಬಿಕೆ. ರೇಣವ್ವ ಆ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ತಕ್ಕಡಿಗೆ ಮುಟ್ಟಿಸುತ್ತಿದ್ದಳು. ಬೇರೆ ಯಾರಾದರೂ ಅವಸರಕ್ಕೆ ಎಡಗೈ ಚಾಚಿದರೆ, ಕೈ ಬದಲ ಮಾಡ್ರಿ, ನನ್ನ ಅಂಗಡಿ ಮುಚ್ಚಸ್ತೀರೇನು ಎಂದು ಗದರುತ್ತಿದ್ದಳು.

ಗಂಡ ಸತ್ತ ಹೆಂಗಸು ಮುಂಜಾನೆ ಎದುರಾದರೆ ಮುಖ ತಿರುಗಿಸುವ ಜನ ಊರಲ್ಲಿ ಬೇಕಾದಷ್ಟು. ಅಂಥಲ್ಲಿ ಹೊಳೆವ್ವನಿಗೆ ಇದ್ದ ಮರ್ಯಾದೆ ಈ ಕೈಯದೊಂದೇ.

ಆ ಕೈಯ ಮೇಲೆ ಕಣ್ಣು ಬಿದ್ದದ್ದು ತಂಗಿಯ ಮಗ ವಿನೋದನಿಗೆ. ಮುಗದ ಹಳ್ಳಿಯಿಂದ ಬಂದು, ದೊಡ್ಡವ್ವನ ಖಾನಾವಳಿಯಲ್ಲೇ ಉಂಡು ಎಂಜಿನಿಯರಿಂಗ್ ಮುಗಿಸಿದವನು. ಎರಡು ಸಾವಿರದ ಒಂದರಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು, ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಹೊಸ ರೊಕ್ಕವನ್ನೇ ಹುಟ್ಟಿಸಿದ. ಅದಕ್ಕೆ 'ಬೋಣಿ' ಅಂತಲೇ ಹೆಸರಿಟ್ಟ. ನೂರು ರೂಪಾಯಿ ಕೊಟ್ಟರೆ ಕಾರ್ಡಿನೊಳಗೆ ನೂರು ಬೋಣಿ. ಅಂಗಡಿ ಅಂಗಡಿಗೆ ಅವನು ಕೊಟ್ಟ ಕರೆಂಟಿನ ಡಬ್ಬಿಗೆ ಕಾರ್ಡು ತೂರಿಸಿದರೆ ಬೋಣಿ ಇವರಿಂದ ಅವರಿಗೆ ಹೋಗುತ್ತದೆ, ಚಿಲ್ಲರೆಗೆ ಜಗಳವಿಲ್ಲ. ಪ್ಯಾಟಿಯವರು ನಕ್ಕರು. ಕಣ್ಣಿಗೊತ್ತಿಕೊಳ್ಳಲಾಗದ್ದು ಎಂಥ ರೊಕ್ಕ, ಡಬ್ಬಿ ಒತ್ತಿಕೊಂಡರೆ ಕರೆಂಟು ಹೊಡೆದೀತು ಎಂದ ದಸ್ತಗೀರಸಾಬ.

ವಿನೋದ ವಾದ ಮಾಡಲಿಲ್ಲ. ಮರುದಿನ ಮುಂಜಾನೆ ದೊಡ್ಡವ್ವನ ಬಲಗೈಗೆ ಕಾರ್ಡು ಕೊಟ್ಟು ಅಂಗಡಿಯಿಂದ ಅಂಗಡಿಗೆ ಕರೆತಂದ. ಆಕೆ ಒಬ್ಬೊಬ್ಬರಲ್ಲೂ ಬೋಣಿ ಮಾಡಿದಳು. ಅಷ್ಟೇ ಸಾಕಾಯಿತು. ದೀಪಾವಳಿಯ ಹೊತ್ತಿಗೆ ಪ್ಯಾಟಿಯ ಅರ್ಧ ರೊಕ್ಕ ಡಬ್ಬಿಯೊಳಗೆ. ರೇಣವ್ವ ಮನೆಗೆ ತಗಡು ಹಾಕಿಸಲು ಕೂಡಿಟ್ಟದ್ದನ್ನೂ ಅದರಲ್ಲೇ ಹಾಕಿದಳು. ಹೊಳೆವ್ವಕ್ಕನ ಕೈಯಾಗ ಇದ್ದಂಗ ಅಲ್ಲೇನು, ಅಂದಳು.

ಎರಡು ವರ್ಷಕ್ಕೆ ಒಂದು ದಿನ ಡಬ್ಬಿಗಳೆಲ್ಲ ಒಮ್ಮೆಗೇ ಕಣ್ಣು ಮುಚ್ಚಿದವು. ವಿನೋದ ಕಂಪನಿಯನ್ನು ಪುಣೆಯವರಿಗೆ ಮಾರಿದ್ದ. ಪುಣೆಯವರನ್ನು ಕೇಳಿದರೆ, ನಾವು ಕೊಂಡದ್ದು ಡಬ್ಬಿಯ ಬುದ್ಧಿಯನ್ನು, ಅದರ ಹೊಟ್ಟೆಯಲ್ಲಿದ್ದದ್ದನ್ನಲ್ಲ ಎಂದರು. ವಿನೋದ ಅಷ್ಟರಲ್ಲಿ ಮುಂಬೈ ಸೇರಿದ್ದ.

ಹೊಳೆವ್ವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೊಲೋ ಇತ್ತು. ಮುಂಜಾನೆ ಆಕೆ ಚೀಲ ಹಿಡಿದು ಬಂದರೆ ರೇಣವ್ವ ತಕ್ಕಡಿಯ ಮೇಲೆ ಅರಿವೆ ಮುಚ್ಚಿ, "ಇನ್ನೂ ಬೋಣಿ ಆಗಿಲ್ಲಬೇ ಅಕ್ಕಾ, ಸ್ವಲ್ಪ ಹೊತ್ತು ಬಿಟ್ಟು ಬಾ" ಎನ್ನುವಳು. ಹೊಳೆವ್ವ ತಿರುಗಿ ಹೋಗುವಳು. ಹೊತ್ತೇರಿದ ಮೇಲೆ ಬಂದು, ಬಾಡಿದ ಬದನೆಕಾಯಿ ಒಯ್ಯುವಳು. ಹೊಟ್ಟೆಯೊಳಗೆ ಕೆಂಡ ಹಾಗೇ ಇತ್ತು. ಯಾರ ಮೇಲೂ ಚೆಲ್ಲಲಿಲ್ಲ, ಆರಲೂ ಬಿಡಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ವಿನೋದ ಕಾರಿನಲ್ಲಿ ಬಂದಿಳಿದ. ಊರಂಚಿನ ಬೈರಿದೇವರಕೊಪ್ಪದಲ್ಲಿ ಗಾಜಿನ ಆಫೀಸು ಕಟ್ಟಿಸಿದ್ದ. ಈ ಸಲ ಕಾರ್ಡಿಲ್ಲ, ಡಬ್ಬಿಯಿಲ್ಲ, ಎಲ್ಲ ಮೊಬೈಲಿನಲ್ಲೇ. ಪೇಪರಿನವರು ಅವನ ಫೋಟೋ ಹಾಕಿ, ಬಿದ್ದು ಎದ್ದ ಧೀರ ಎಂದು ಬರೆದಿದ್ದರು. ಬಿದ್ದದ್ದು ಯಾರ ಮೈಮೇಲೆ ಅಂತ ಬರೆದಿರಲಿಲ್ಲ. ಖಾನಾವಳಿಯ ಬೆಂಚಿನ ಮೇಲೆ ಕುಂತು ಎರಡು ರೊಟ್ಟಿ ತಿಂದು, ಸುರುವಿನ ದಿನ ನೀನೇ ಬೋಣಿ ಮಾಡಬೇಕು ಎಂದ.

ಪ್ಯಾಟಿಯವರ ರೊಕ್ಕ ಮೊದಲು ಕೊಡುತ್ತೀಯೋ ಎಂದು ಹೊಳೆವ್ವ ಕೇಳಿದಳು. ಕಾನೂನಿನ ಲೆಕ್ಕದಲ್ಲಿ ಆ ಕಂಪನಿ ಸತ್ತುಹೋಗಿದೆ, ಸತ್ತವರ ಹೆಸರಿನಲ್ಲಿ ಏನೂ ಕೊಡಲು ಬರುವುದಿಲ್ಲ ಎಂದು ಅವನು ತಿಳಿಸಿ ಹೇಳಿದ.

"ಅದೊಂದು ಕಲಿಕಿ ಅಂತ ತಿಳಕೊ ದೊಡ್ಡವ್ವಾ."

"ಕಲ್ತಾಂವ ನೀನು," ಎಂದಳು ಹೊಳೆವ್ವ, ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತ. "ಫೀ ಕಟ್ಟಿದಾಕಿ ರೇಣವ್ವ."

ಅವನು ನಕ್ಕ. ಆ ನಗು ನೋಡಿಯೇ ಆಕೆ ಒಪ್ಪಿಕೊಂಡದ್ದು. ಬರುತ್ತೇನೆ, ಆದರೆ ರೇಣವ್ವ, ದಸ್ತಗೀರಸಾಬರನ್ನು ಮುಂದಿನ ಸಾಲಿನಲ್ಲಿ ಕುಂಡ್ರಿಸು, ಪ್ಯಾಟಿಯವರನ್ನೆಲ್ಲ ಕರೆಸು ಎಂದಳು. ಅವನಿಗೆ ಬೇಕಾದದ್ದೂ ಅದೇ.

ಆ ದಿನ ವೇದಿಕೆಯ ಮೇಲೆ ಒಂದು ಬುಟ್ಟಿ ಉಳ್ಳಾಗಡ್ಡಿ ಇಟ್ಟಿದ್ದರು. ಪಕ್ಕದಲ್ಲಿ ಕಂಪನಿಗೆ ರೊಕ್ಕ ಹಾಕಿದ ಮುಂಬೈಯ ಸಾಹುಕಾರರು. ಪ್ಯಾಟಿಯವರು ಊಟ ಇದೆ ಎಂದು ಬಂದಿದ್ದರು, ಹೊಳೆವ್ವ ಮತ್ತೆ ಏನು ಮಾಡುತ್ತಾಳೆ ನೋಡೋಣ ಎಂದೂ ಬಂದಿದ್ದರು. ನಮ್ಮ ದೊಡ್ಡವ್ವನ ಕೈಗುಣ ಹುಬ್ಬಳ್ಳಿಗೇ ಗೊತ್ತು ಎಂದು ವಿನೋದ ಮೈಕಿನಲ್ಲಿ ಹೇಳಿ, ಮೊಬೈಲು ಮುಂದೆ ಹಿಡಿದು, ಒತ್ತಬೇಕಾದ ಗುಂಡಿ ತೋರಿಸಿದ.

ಹೊಳೆವ್ವ ಉಳ್ಳಾಗಡ್ಡಿ ಒಂದನ್ನು ಎತ್ತಿ, ತಿರುವಿ ನೋಡಿ ಇಟ್ಟಳು. ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಎಡಗೈಯನ್ನು, ಹಿಂದಿನ ಸಾಲಿನವರಿಗೂ ಕಾಣುವ ಹಾಗೆ, ಮೇಲೆತ್ತಿದಳು.

"ದೊಡ್ಡವ್ವಾ, ಬಲಗೈ," ಎಂದ ವಿನೋದ, ಮೈಕಿಗೆ ಕೇಳದಂತೆ.

ಆಕೆ ಮೈಕಿಗೆ ಕೇಳುವಂತೆಯೇ ಹೇಳಿದಳು: "ಬಲಗೈ ನೀ ಹಿಂದಕ್ಕೇ ಮಾರ್ಕೊಂಡೀಯಲ್ಲೋ."

ಎಡಗೈಯ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಮೊಬೈಲಿಗೆ ಎಡ ಬಲ ಏನು ಗೊತ್ತು, ಟಿಂಗ್ ಎಂದಿತು. ಮುಂಬೈಯವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ದಸ್ತಗೀರಸಾಬ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು ಬಾಗಿಲ ಕಡೆ ನಡೆದ. ರೇಣವ್ವ ಎದ್ದಳು. ಅವರ ಹಿಂದೆ ಸಾಲಿಗೆ ಸಾಲೇ ಎದ್ದಿತು. ಮಾಡಿಸಿದ ಊಟಕ್ಕೂ ಯಾರೂ ನಿಲ್ಲಲಿಲ್ಲ. ಹೀಗೆ ಮಾಡಬಾರದಿತ್ತು, ನಾನು ನಿನ್ನ ಮಗನಲ್ಲವೇ ಎಂದು ವಿನೋದ ಮೆಟ್ಟಿಲ ತನಕ ಹಿಂದೆ ಬಂದ. ಹೊಳೆವ್ವ ತಿರುಗಿ ನೋಡಲಿಲ್ಲ. ಬಂದ ಬಸ್ಸು ಹತ್ತಿ ಕುಂತಳು.

ಮರುದಿನ ಮುಂಜಾನೆ ಚೀಲ ಹಿಡಿದು ಪ್ಯಾಟಿಗೆ ಹೋದಳು. ರೇಣವ್ವ ಆಗಷ್ಟೇ ಬುಟ್ಟಿ ಬಿಚ್ಚುತ್ತಿದ್ದಳು. ಹೊಳೆವ್ವ ಹೊತ್ತು ಬಿಟ್ಟು ಬರೋಣವೆಂದು ಹಾಯ್ದು ಹೋಗುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಅಕ್ಕಾ, ಯಾವ ಕೈಲೆ ಕೊಡಾಕಿ ಇವತ್ತ?"

ನಗುತ್ತಿದ್ದಾಳೋ ಚುಚ್ಚುತ್ತಿದ್ದಾಳೋ ತಿಳಿಯಲಿಲ್ಲ. ಆದರೆ ತಕ್ಕಡಿಯ ಮೇಲೆ ಅರಿವೆ ಇರಲಿಲ್ಲ. ಹೊಳೆವ್ವ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದು, ಬಲಗೈ ಚಾಚಿದಳು.