ಇಂಟು ಹಾಕಿದ ಪೆನ್ಸಿಲ್

ನಾನು ಒಂದು ಮೋಟು ಪೆನ್ಸಿಲ್. ಹುಟ್ಟಾ ಪುಕ್ಕಲ. ಕಾರ್ಖಾನೆಯ ಗರಗಸದ ಸದ್ದಿನಲ್ಲೇ ಕಣ್ಣು ಬಿಟ್ಟೆ, ಆಮೇಲೆ ಚೂಪು ಮಾಡುವ ಯಂತ್ರದ ಬಾಯಿಗೆ ತಲೆ ಕೊಟ್ಟೆ. ಅಲ್ಲಿಂದ ಐರ್ಲೆಂಡಿನ ಸಣ್ಣ ಊರೊಂದರ ಶಾಲೆಗೆ ಬಂದೆ. ಅಲ್ಲಿ ಹೂಡಿದ್ದ ಮತಗಟ್ಟೆಯ ಮರೆಯೊಳಗೆ ನನ್ನನ್ನು ದಾರದಿಂದ ಕಟ್ಟಿಹಾಕಿದರು. ಓಡಿಹೋಗುವ ಧೈರ್ಯ ನನಗೆಲ್ಲಿತ್ತು, ಹೇಳಿ!

ಅಂದು ದೇಶದ ಜನಮತ ಸಂಗ್ರಹ, ಕೇಳಿದ್ದು ಒಂದೇ ಪ್ರಶ್ನೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಲು ಕಾನೂನು ಒಪ್ಪಬೇಕೋ ಬೇಡವೋ? 'ಬೇಕು' ಎನ್ನುವುದಕ್ಕೊಂದು ಚೌಕ, 'ಬೇಡ' ಎನ್ನುವುದಕ್ಕೊಂದು. ಒಪ್ಪಿದ ಚೌಕದಲ್ಲಿ ಇಂಟು ಗುರುತು ಹಾಕಬೇಕು. ಎಂದೂ ಮತಗಟ್ಟೆಯ ಮುಖ ನೋಡದವರೂ ಬಂದರು, ಸಾಲು ಗೇಟು ದಾಟಿತು. ಯಾರು ಯಾವ ಕಡೆಯೋ ಎಂಬ ದಿಗಿಲಿಗೆ ಬಂದವರ ಬೆರಳೆಲ್ಲ ಬೆವರಿದ್ದವು.

ಮಧ್ಯಾಹ್ನ ಕಸ್ತೂರಿ ಅಕ್ಕೋರು ಬಂದರು. ಧಾರವಾಡದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಗಂಡನ ಕೆಲಸದ ಬೆನ್ನಿಗೆ ಬಂದು ಇಲ್ಲಿಯ ಪ್ರಜೆಯಾಗಿದ್ದರು. ಮಗಳು ಮಂದಾರ, ನೋರಾ ಎಂಬವಳನ್ನು ಮದುವೆಯಾಗಲು ಈ ದಿನಕ್ಕೇ ಕಾದಿದ್ದಳು. ಅಕ್ಕೋರು ಅತ್ತು, ಮಾತು ಬಿಟ್ಟು, ಕೊನೆಗೊಮ್ಮೆ ಮನಸ್ಸಾರೆ ಒಪ್ಪಿದ್ದರು.

"ನನ್ನ ಮಗಳ ಮದುವಿ ಒಂದ ಆಗ್ಲೆಪಾ ಶಿವನ" ಎಂದು ಪಿಸುಗುಟ್ಟಿ ನನ್ನನ್ನು ಹಿಡಿದರು. 'ಬೇಡ'ದ ಚೌಕದಲ್ಲಿ ದಪ್ಪಗೆ ಇಂಟು ಎಳೆದೇಬಿಟ್ಟರು! ನನ್ನ ಜೀವ ಬಾಯಿಗೆ ಬಂತು. ತಪ್ಪು ಉತ್ತರಕ್ಕೆ ಇಂಟು ಹಾಕಿ ಹಾಕಿ ಪಳಗಿದ ಕೈ ಅದು, 'ಬೇಡ' ಎಂಬ ತಪ್ಪು ಉತ್ತರವನ್ನು ಕಾಟು ಹೊಡೆದಿತ್ತು. ನಾನು ಕೂಗಿಕೊಳ್ಳಲೆ? ನನಗೆ ಬಾಯಾದರೂ ಎಲ್ಲಿದೆ? ಚೀಟಿ ಪೆಟ್ಟಿಗೆಗೆ ಬಿತ್ತು. ದಾರ ಕಿತ್ತುಬಂದದ್ದೂ ತಿಳಿಯದೆ ಅಕ್ಕೋರು ನನ್ನನ್ನು ಮುಷ್ಟಿಯಲ್ಲೇ ಹಿಡಿದು ಹೊರಬಂದರು.

"ಹಾಕಿದ್ಯೇನವ್ವಾ?" ಮಂದಾರ ಓಡಿಬಂದಳು.

"ಹ್ಞೂಂ. ಬ್ಯಾಡ ಅಂತ ಇತ್ತಲ್ಲ, ಅದಕ್ಕ ಇಂಟು ಹಾಕಿ ಬಂದೆ."

ಮಗಳ ಮುಖ ಬಿಳಿಚಿತು. "ಅವ್ವಾ, ಇಂಟು ಎಲ್ಲಿ ಹಾಕ್ತೀವೋ ಅದಕ್ಕ ಓಟು!" ದನಿ ತಗ್ಗಿಸಿದಳು. "ಖರೇ ಹೇಳು. ಗೊತ್ತಿಲ್ದ ಹಾಕಿದ್ಯೋ, ಬೇಕಂತನ ಹಾಕಿದ್ಯೋ?"

"ನಿನ್ನಾಣಿ, ಮಂದಾ..." ಮತ ಗುಟ್ಟಿನದು, ಸಾಕ್ಷಿ ಎಲ್ಲಿಂದ ತರಬೇಕು?

ಎಣಿಕೆಯ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅಕ್ಕೋರು ಟಿ.ವಿ. ಮುಂದೆ ನನ್ನನ್ನೇ ಹಿಸುಕುತ್ತ ಕೂತಿದ್ದರು. ತನ್ನೊಂದು ಮತದಿಂದಲೇ ಎಲ್ಲ ಮುರಿದರೆ? ಕೊನೆಗೆ 'ಬೇಕು' ಗೆದ್ದಿತು. ಬೀದಿಯಲ್ಲಿ ಜನ ಕುಣಿದರು, ಮಂದಾರ ನೋರಾಳನ್ನು ಅಪ್ಪಿ ಅತ್ತಳು.

ಅಕ್ಕೋರು ಹೆದರುತ್ತಲೇ ಹತ್ತಿರ ಹೋದರು. "ಮಂದಾ, ನಾ ಬೇಕಂತ ಹಾಕಿಲ್ಲವಾ."

"ಇರ್ಲಿ ಬಿಡವ್ವಾ, ಗೆದ್ದೀವಲ್ಲ" ಎಂದು ಮಗಳು ನಕ್ಕು ತಬ್ಬಿಕೊಂಡಳು.

ಇರ್ಲಿ ಬಿಡು ಎನ್ನುವುದು ತಪ್ಪು ಮಾಡಿದವರಿಗೆ. ಮಗಳು ಕ್ಷಮಿಸಿದ್ದಳು, ನಂಬಿರಲಿಲ್ಲ.

ಮದುವೆಯೂ ಆಯಿತು. ಈಗ ನಾನು ಅಕ್ಕೋರ ಹೊಲಿಗೆ ಡಬ್ಬಿಯ ತಳದಲ್ಲಿದ್ದೇನೆ. ಆ ಕೈ ಏನು ಬಯಸಿತ್ತೆಂದು ಬಲ್ಲವನು ನಾನೊಬ್ಬನೇ. ಮಗಳು ಬಂದಾಗಲೆಲ್ಲ, ಇವತ್ತಾದರೂ ಇನ್ನೊಮ್ಮೆ ಕೇಳುತ್ತಾಳೇನೋ ಎಂದು ಅಕ್ಕೋರು ಉಸಿರು ಬಿಗಿಹಿಡಿಯುತ್ತಾರೆ. ಅವಳು ಕೇಳುವುದೇ ಇಲ್ಲ.